ಸ್ವಂತ ವಾಸ

ಯಾದವಗಿರಿಯ ಆ ಅಡ್ಡರಸ್ತೆಯಲ್ಲಿ ಪಕ್ಕಪಕ್ಕದಲ್ಲಿ ಎರಡು ಮನೆ. ಒಂದೇ ಅಳತೆಯ ಸೈಟು, ಒಬ್ಬನೇ ಮೇಸ್ತ್ರಿ, ಒಂದೇ ವರ್ಷ ಗೃಹಪ್ರವೇಶ. ಒಂದು ವೆಂಕಟಸುಬ್ಬಯ್ಯನವರದು, ಇನ್ನೊಂದು ಕರಿಬಸವಯ್ಯನದು. ಆದರೆ ಅವರು ಕಟ್ಟುವ ಕಂದಾಯದ ಎರಡರಷ್ಟನ್ನು ಇವನು ಕಟ್ಟಬೇಕಿತ್ತು. ಕಾರಣ ಇಷ್ಟೇ: ಅವರು ತಮ್ಮ ಮನೆಯಲ್ಲಿ ತಾವೇ ಇದ್ದರು, ಇವನು ಬಾಡಿಗೆಗೆ ಕೊಟ್ಟಿದ್ದ.

ಎರಡು ಸಾವಿರದ ಎರಡನೇ ಇಸವಿಯಲ್ಲಿ ಮಾಲೀಕರೇ ಮನೆ ಅಳೆದು, ಫಾರಂ ತುಂಬಿ ಕಂದಾಯ ಕಟ್ಟುವ ಹೊಸ ಪದ್ಧತಿ ಬಂತು. ಆ ಫಾರಂ ಕೈಗೆ ಬಂದ ದಿನದಿಂದ ಕರಿಬಸವಯ್ಯನಿಗೆ ಊಟ ರುಚಿಸಲಿಲ್ಲ. ಚಿಕ್ಕ ಗಡಿಯಾರ ಗೋಪುರದ ಹತ್ತಿರ ಮೂವತ್ತು ವರ್ಷ ಪಾತ್ರೆ ಅಂಗಡಿ ನಡೆಸಿ, ಸಂಪಾದನೆಯನ್ನೆಲ್ಲ ಸುರಿದು ಕಟ್ಟಿದ ಮನೆ. ತಾನು ಅದರಲ್ಲಿ ಮಲಗುವುದಿಲ್ಲ ಎಂಬ ಒಂದೇ ತಪ್ಪಿಗೆ ದುಪ್ಪಟ್ಟು ದಂಡವೇ? ಇದು ಹಗಲು ದರೋಡೆ ಎಂದು ಗಿರಾಕಿಗಳ ಮುಂದೆಲ್ಲ ಕೂಗಾಡಿದ. ಹಣಕ್ಕಿಂತ ಹೆಚ್ಚಾಗಿ ವೆಂಕಟಸುಬ್ಬಯ್ಯನವರು ಕಾಂಪೌಂಡಿನ ಆಚೆಯಿಂದ ನಕ್ಕ ನಗು ಅವನನ್ನು ಸುಡುತ್ತಿತ್ತು.

ಫಾರಂನಲ್ಲಿ ಎರಡು ಚೌಕಗಳಿದ್ದವು. ಸ್ವಂತ ವಾಸ, ಬಾಡಿಗೆ. ಒಂದರಲ್ಲಿ ಗುರುತು ಹಾಕಬೇಕು. ಕರಿಬಸವಯ್ಯ ಮೊದಲನೆಯದರಲ್ಲಿ ಹಾಕಿದ.

ಅವನು ಹುಟ್ಟಿದ್ದು, ಮದುವೆಯಾದದ್ದು, ಈಗಲೂ ದಿನವೂ ಉಂಡು ಮಲಗುವುದು ಕೆ.ಆರ್. ಮೊಹಲ್ಲಾದ ತೊಟ್ಟಿಮನೆಯಲ್ಲಿ. ಅಂಗಡಿಗೆ ನಡೆದೇ ಹೋಗಬಹುದು. ತಾತನ ಕಾಲದಲ್ಲಿ ಮಠದವರು ಕೊಟ್ಟ ಮನೆ ಅದು. ಪ್ರತಿವರ್ಷ ಶಿವರಾತ್ರಿಯ ಮಾರನೆಯ ದಿನ ತಟ್ಟೆಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ, ಒಂದು ಲಕೋಟೆ ಇಟ್ಟು ಮಠಕ್ಕೆ ಒಪ್ಪಿಸುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ಅಲ್ಲಿಂದ ಕೊಡುವ ವಿಭೂತಿಯ ಪೊಟ್ಟಣವನ್ನೂ ಅದರ ಜೊತೆಯ ಚೀಟಿಯನ್ನೂ ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿಟ್ಟರೆ ಮತ್ತೆ ಮುಂದಿನ ವರ್ಷದವರೆಗೆ ಯೋಚನೆಯಿಲ್ಲ. ಹಿತ್ತಲಲ್ಲಿ ಅವನ ತಾಯಿ ನೆಟ್ಟ ಬಿಲ್ವದ ಮರವಿತ್ತು. ಅದರ ಪತ್ರೆಯಿಲ್ಲದೆ ಪೂಜೆ ಮಾಡಿ ಅವನ ಹೆಂಡತಿ ದಾಕ್ಷಾಯಣಮ್ಮನಿಗೆ ಗೊತ್ತೇ ಇರಲಿಲ್ಲ.

"ಇಲ್ಲದ್ದನ್ನ ಇದೆ ಅಂತ ಬರೆದು ಸೈನ್ ಹಾಕ್ಬೇಡಿ ಕಣ್ರೀ," ಎಂದಳು ಅವಳು. "ದುಡ್ಡು ಹೋದ್ರೆ ಹೋಗ್ಲಿ. ನೆಮ್ಮದಿಯಾಗಿದ್ದೀವಿ, ಅಷ್ಟು ಸಾಕು."

"ಯಾರಿಗೇನು ಮೋಸ ಆಯ್ತೀಗ? ನನ್ನ ಮನೆ, ನಾನಿದೀನಿ ಅಂತೀನಿ. ಅಷ್ಟೇ ತಾನೆ?"

ಹಾಗೆ ಅಂದದ್ದೇನೋ ನಿಜ. ಮಾರನೆಯ ಬೆಳಿಗ್ಗೆ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತಾಗ ಮಂತ್ರ ಎರಡು ಸಲ ತಪ್ಪಿತು. ಅವನಿಗೆ ಭಯವಾಗಿತ್ತು. ಭಯಕ್ಕೆ ಮದ್ದು ಮುನ್ನೆಚ್ಚರಿಕೆ ಎಂದು ತೀರ್ಮಾನಿಸಿ, ಲಿಂಗವನ್ನು ಕರಡಿಗೆಗೆ ಸೇರಿಸಿ ಎದ್ದ.

ಮುನ್ನೆಚ್ಚರಿಕೆಯಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಸಿಕ್ಕಿಬೀಳುವವರೆಲ್ಲ ಸಣ್ಣಪುಟ್ಟದ್ದನ್ನು ಮರೆತೇ ಸಿಕ್ಕಿಬೀಳುವುದು ಎಂದು ಅವನು ದೃಢವಾಗಿ ನಂಬಿದ್ದ. ರೇಷನ್ ಕಾರ್ಡಿನಲ್ಲಿ ಮೊಹಲ್ಲಾದ ವಿಳಾಸ ಹೊಡೆದುಹಾಕಿಸಿ ಯಾದವಗಿರಿಯದನ್ನು ಬರೆಸಿದ. ಗ್ಯಾಸ್ ಪುಸ್ತಕವನ್ನೂ ಹಾಗೇ ಬದಲಾಯಿಸಿದ. ಗೇಟಿಗೆ ತನ್ನ ಹೆಸರಿನ ಹಿತ್ತಾಳೆ ಫಲಕ ಹಾಕಿಸಿದ, ಹೊಸದೆಂದು ಗೊತ್ತಾಗದಿರಲಿ ಎಂದು ಅದಕ್ಕೆ ಹುಣಸೆಹಣ್ಣು ಮುಟ್ಟಿಸದೆ ಮಂಕಾಗಲು ಬಿಟ್ಟ. ಪಾತ್ರೆ ವ್ಯಾಪಾರಿಗೆ ಹಿತ್ತಾಳೆಯ ವಯಸ್ಸು ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತದೆ!

ಉಳಿದದ್ದು ಬಾಡಿಗೆಯವರು. ಇಲವಾಲದ ಕಡೆಯಿಂದ ಬಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಸಂಘಮಿತ್ರ, ಅವಳ ತಾಯಿ ಪುಟ್ಟಲಿಂಗಮ್ಮ. ಆರು ವರ್ಷದಿಂದ ಇದ್ದರು, ಬಾಡಿಗೆ ಒಂದು ದಿನ ತಡವಾಗಿರಲಿಲ್ಲ. ಜನವರಿಯಲ್ಲಿ ಪಾಲಿಕೆಯಿಂದ ತನಿಖೆಗೆ ಬರುತ್ತೇವೆಂದು ಕಾಗದ ಬಂದಾಗ ಕರಿಬಸವಯ್ಯ ಅವರ ಜಗುಲಿಯಲ್ಲಿ ಕೂತ.

"ಒಂದೇ ದಿವ್ಸ ಕಣಮ್ಮ. ಬೆಳಿಗ್ಗೆ ಊರಿಗೆ ಹೋಗಿ ಸಂಜೆ ಬಂದ್ಬುಡಿ. ಈ ವರ್ಷ ಬಾಡಿಗೆ ಏರ್ಸಲ್ಲ."

ಸಂಘಮಿತ್ರ ತಿದ್ದುತ್ತಿದ್ದ ಉತ್ತರಪತ್ರಿಕೆಯನ್ನು ಮಡಚಿಟ್ಟಳು. "ಒಂದಿನ ನಾವು ಇಲ್ಲವೇ ಇಲ್ಲ ಅನ್ನೋ ಹಾಗಿರ್ಬೇಕು, ಅಲ್ವಾ ಸಾರ್? ಬಾಡಿಗೆ ಬೇಕಾದ್ರೆ ಏರ್ಸಿ. ಆದ್ರೆ ಮೂರು ವರ್ಷ ನಮ್ಮನ್ನ ಎಬ್ಬಿಸಲ್ಲ ಅಂತ ಛಾಪಾ ಕಾಗದದಲ್ಲಿ ಬರ್ಕೊಡಿ. ನಾವು ಯಾವ ಜನ ಅಂತ ಗೊತ್ತಾದ ಮೇಲೆ ಮೂರು ಮನೇಲಿ ಎಬ್ಸಿದ್ದಾರೆ. ನೀವು ಎಬ್ಸಲಿಲ್ಲ, ಅದು ನಿಜ. ಆದ್ರೂ ಬರವಣಿಗೆಲಿ ಇರ್ಲಿ."

ಕರಿಬಸವಯ್ಯ ಲೆಕ್ಕ ಹಾಕಿದ. ತಾನು ಎಬ್ಬಿಸಿದರೆ ತಾನೇ ಅವಳು ಆ ಕಾಗದ ಹೊರಗೆ ತೆಗೆಯುವುದು? ಎಬ್ಬಿಸುವ ಪ್ರಮೇಯವೇ ಇಲ್ಲ. ಬರೆದುಕೊಟ್ಟ. ಏಳುವಾಗ ಅವನ ಕಣ್ಣು ಗೋಡೆಯ ಬುದ್ಧನ ಪಟದ ಮೇಲೆ ಹೋದದ್ದನ್ನು ಪುಟ್ಟಲಿಂಗಮ್ಮ ನೋಡಿದರು.

"ಪಟ ನಾನೇ ಇಳಿಸ್ತೀನಿ. ಅದು ಎಂಗೈತೋ ಅಂಗೇ ಇರ್ಬೇಕು. ನೀವ್ ಮುಟ್ಬೇಡಿ," ಎಂದರು.

ಅವನಿಗೆ ನಾಚಿಕೆಯಾಯಿತು. ಆ ನಾಚಿಕೆ ಗೇಟು ದಾಟುವವರೆಗೂ ಇತ್ತು.

ತನಿಖೆಯ ದಿನ ಏಳು ಗಂಟೆಗೇ ಸಂಸಾರವೆಲ್ಲ ಆಟೋದಲ್ಲಿ ಬಂದಿಳಿಯಿತು. ಪಟ ತೆಗೆದ ಗೋಡೆಯಲ್ಲಿ ಬಿಳಿಯ ಚೌಕ ಉಳಿದಿತ್ತು. ಅದು ಹಾಗೆ ಉಳಿಯುತ್ತದೆಂದು ಮೊದಲೇ ಊಹಿಸಿದ್ದ ಕರಿಬಸವಯ್ಯ ಮೊಹಲ್ಲಾದಿಂದ ದೊಡ್ಡ ಸ್ವಾಮಿಗಳ ಪಟ ತಂದಿದ್ದ, ನಾಲ್ಕು ಬೆರಳು ದೊಡ್ಡದು. ಒಗೆದ ಪಂಚೆ ತಂತಿಯ ಮೇಲೆ ಹೋಯಿತು. ಸವೆದ ಚಪ್ಪಲಿ ಬಾಗಿಲಲ್ಲಿ ಕೂತವು. ಗೂಡಿನಲ್ಲಿ ವಿಭೂತಿಗಟ್ಟಿ, ಅದರ ಪಕ್ಕ ಒಣಗಿದ ಬಿಲ್ವಪತ್ರೆ. ತಾಜಾ ಪತ್ರೆಯಿಟ್ಟರೆ ಈ ಮನೆಯಲ್ಲಿ ಬಿಲ್ವದ ಮರವೆಲ್ಲಿದೆ ಎಂದು ಕೇಳಿಯಾರು! ದಾಕ್ಷಾಯಣಮ್ಮ ಬೇರೆಯವರ ಒಲೆಯ ಮುಂದೆ ನಿಂತು ಸಾರಿಗೆ ಒಗ್ಗರಣೆ ಹಾಕಿದಳು. ಉಪ್ಪಿನ ಡಬ್ಬಿ ಎಲ್ಲಿದೆಯೆಂದು ಗೊತ್ತಾಗದೆ ಎರಡು ಸಲ ಕಣ್ಣೊರೆಸಿಕೊಂಡಳು.

ಹನ್ನೊಂದಕ್ಕೆ ಬಂದ ಕಂದಾಯದ ಇನ್‌ಸ್ಪೆಕ್ಟರ್ ಮಹೇಶ್ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಕೋಣೆಗಳನ್ನು ನೋಡಿದ, ಕೊಟ್ಟ ಮಜ್ಜಿಗೆ ಕುಡಿದ, ರೇಷನ್ ಕಾರ್ಡನ್ನು ಬೆಳಕಿಗೆ ಹಿಡಿದ. ಹೊಡೆದುಹಾಕಿದ ಸಾಲಿನ ಮೇಲೆ ಅವನ ಬೆರಳು ನಿಂತಿತು.

"ಮೊದ್ಲು ಮೊಹಲ್ಲಾದಲ್ಲಿದ್ರಾ ಸಾರ್?"

"ಹೌದು. ಮಠದ ಮನೆ."

"ಅದು ಈಗ?"

ಈ ಪ್ರಶ್ನೆಗೂ ಕರಿಬಸವಯ್ಯ ಉತ್ತರ ಕಟ್ಟಿಟ್ಟುಕೊಂಡಿದ್ದ. ಎರಡು ಕಡೆ ಕಾಲಿಟ್ಟವನ ಮೇಲೆ ಅನುಮಾನ ಬರುತ್ತದೆ, ಒಂದೇ ಕಡೆ ಗಟ್ಟಿಯಾಗಿ ನಿಂತವನ ಮೇಲೆ ಬರುವುದಿಲ್ಲ. "ಅದನ್ನ ಬಿಟ್ಬುಟ್ವು. ಹೋದ ಯುಗಾದಿಗೇ ಖಾಲಿ ಮಾಡಿದ್ದು. ನಮಗೆ ಈ ಮನೆ ಬಿಟ್ರೆ ಬೇರೆ ವಾಸ ಇಲ್ಲ."

"ಹಾಗಂತ ಬರ್ಕೊಳ್ಲಾ?"

"ಧಾರಾಳವಾಗಿ ಬರ್ಕೊಳಿ."

ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಮಹೇಶ್ ಬರೆದ, ಓದಿ ಹೇಳಿದ. ಕರಿಬಸವಯ್ಯ ಕನ್ನಡಕ ಏರಿಸಿ, ಅಂಗಡಿಯ ಬಿಲ್ಲಿಗೆ ಹಾಕುವಷ್ಟೇ ಸಲೀಸಾಗಿ ಸಹಿ ಹಾಕಿದ. ಸಂಜೆ ಪಟ ಕೆಳಗಿಳಿಯಿತು, ಬುದ್ಧ ತನ್ನ ಜಾಗಕ್ಕೆ ಬಂದ. ಫೆಬ್ರವರಿಯಲ್ಲಿ ಅರ್ಧ ಕಂದಾಯವೇ ಸರಿಯೆಂದು ಪಾಲಿಕೆಯ ಕಾಗದ ಬಂತು. ಕಾಂಪೌಂಡಿನ ಪಕ್ಕ ನಿಂತು ಅದನ್ನು ವೆಂಕಟಸುಬ್ಬಯ್ಯನವರಿಗೆ ಕೇಳುವಂತೆ ಎರಡು ಸಲ ಓದಿದ. ಆ ದಿನ ಹೊಟ್ಟೆ ತುಂಬ ಉಂಡ.

ಶಿವರಾತ್ರಿ ಕಳೆದ ಮಾರನೆಯ ದಿನ ಯಥಾಪ್ರಕಾರ ತಟ್ಟೆ ಹಿಡಿದು ಮಠಕ್ಕೆ ಹೋದ. ಮಠದ ಮ್ಯಾನೇಜರ್ ನಾಗಾರ್ಜುನ ತೆಂಗಿನಕಾಯಿ, ಎಲೆ ತೆಗೆದುಕೊಂಡು ಲಕೋಟೆಯನ್ನು ಹಾಗೇ ತಟ್ಟೆಗೆ ಹಾಕಿದರು.

"ಇದು ಬೇಡ ಕರಿಬಸವಯ್ಯನವರೇ. ಯುಗಾದಿಗೇ ಖಾಲಿ ಮಾಡಿದ್ರಂತೆ. ನಮಗೊಂದು ಮಾತು ಹೇಳ್ಬಾರ್ದಿತ್ತಾ?" ಮೇಜಿನ ಮೇಲಿದ್ದ ಪಾಲಿಕೆಯ ಕಾಗದವನ್ನು ಇವನ ಕಡೆ ತಿರುಗಿಸಿದರು. ಆ ಮನೆ ಖಾಲಿಯಿದೆಯೆಂದು ತಿಳಿದುಬಂದಿದೆ, ಯಾವ ಉಪಯೋಗಕ್ಕೆಂದು ಹೊಸದಾಗಿ ಫಾರಂ ತುಂಬಿಕೊಡಿ ಎಂದು ಅದರಲ್ಲಿತ್ತು. ಕೆಳಗೆ ಲಗತ್ತಿಸಿದ ಹೇಳಿಕೆಯಲ್ಲಿ ತನ್ನದೇ ಸಹಿ. "ಮಠಕ್ಕೂ ಅದೇ ಕಾನೂನಲ್ವಾ? ಬಾಡಿಗೆಗಿದ್ರೆ ಜಾಸ್ತಿ. ನಮ್ಮ ಓದೋ ಮಕ್ಕಳ ಹಾಸ್ಟೆಲ್‌ಗಾದ್ರೆ ಕಂದಾಯ ಇಲ್ಲ. ಹಾಸ್ಟೆಲ್ ಅಂತ ಬರೆದುಕೊಟ್ಟಾಯ್ತು. ದೊಡ್ಡ ಸ್ವಾಮಿಗಳ ಅಪ್ಪಣೆನೂ ಆಗಿದೆ. ಯುಗಾದಿಗೆ ಮಕ್ಕಳು ಬರ್ತಾರೆ. ನಿಮ್ಮ ಸಾಮಾನು ಏನಾದ್ರೂ ಉಳಿದಿದ್ರೆ ತಗೊಂಡು ಬೀಗದಕೈ ಕೊಟ್ಬುಡಿ."

ನಾವು ಅಲ್ಲೇ ಇದ್ದೀವಿ ಎನ್ನಲು ಕರಿಬಸವಯ್ಯನ ಬಾಯಿ ತೆರೆಯಿತು. ಅಲ್ಲಿದ್ದೇನೆಂದರೆ ಪಾಲಿಕೆಗೆ ಬರೆದುಕೊಟ್ಟದ್ದು ಸುಳ್ಳು, ದಂಡ, ಕೇಸು. ಅಲ್ಲಿಲ್ಲವೆಂದರೆ ಯಾದವಗಿರಿಗೆ ಹೋಗಬೇಕು, ಅಲ್ಲಿ ಸಂಘಮಿತ್ರಳ ಹತ್ತಿರ ಮೂರು ವರ್ಷದ ಛಾಪಾ ಕಾಗದ. ಈ ಹೊತ್ತಿಗೆ ದಾಕ್ಷಾಯಣಮ್ಮ ಹಿತ್ತಲಲ್ಲಿ ಪತ್ರೆ ಬಿಡಿಸುತ್ತಿರುತ್ತಾಳೆ ಎಂದು ಅವನಿಗೆ ನೆನಪಾಯಿತು.

"ತಾತನ ಕಾಲದಿಂದ ಇದ್ದೀವಲ್ಲ, ಸ್ವಾಮಿ," ಎಂದ. "ವರ್ಷ ತಪ್ಪದೆ ಕಾಣಿಕೆ ಒಪ್ಪಿಸಿದ್ದೀವಿ." ನಾಗಾರ್ಜುನ ಬೀರುವಿನಿಂದ ರಸೀದಿ ಪುಸ್ತಕ ತೆಗೆದು, ಪ್ರತಿವರ್ಷ ವಿಭೂತಿಯ ಪೊಟ್ಟಣದ ಜೊತೆಗಿಡುವ ಚೀಟಿಯ ನಕಲನ್ನು ಬಿಡಿಸಿ ತೋರಿಸಿದರು. ಹೋದ ವರ್ಷದ್ದು, ಅದರ ಹಿಂದಿನದು, ಅದಕ್ಕೂ ಹಿಂದಿನದು, ಎಲ್ಲವುಗಳಲ್ಲೂ ಕರಿಬಸವಯ್ಯ ಎಂಬ ಹೆಸರು, ಅದರ ಮುಂದೆ ದುಂಡು ಅಕ್ಷರದಲ್ಲಿ ಒಂದೇ ಮಾತು: ಮನೆ ಬಾಡಿಗೆ. ಕಣ್ಣಿಗೊತ್ತಿಕೊಂಡಿದ್ದನೇ ಹೊರತು ಅವನು ಅದನ್ನು ಒಂದು ಸಲವೂ ಓದಿರಲಿಲ್ಲ.