ಸೆರಗಿನ ಕೊಂಡಿ

ಡಬ್ಬಿ ಹಗುರವಾಗಿತ್ತು.

ಕೈಗೆತ್ತಿಕೊಂಡ ಕೂಡಲೇ ನಜೀರಸಾಬರಿಗೆ ಗೊತ್ತಾಯಿತು. ಮುಚ್ಚಳ ತೆಗೆದರು. ಒಳಗಿದ್ದ ಸ್ಪೂಲ್ ಟೇಪ್ ಮಾಯವಾಗಿತ್ತು. ಕಪಾಟಿನಲ್ಲಿದ್ದ ಉಳಿದ ಡಬ್ಬಿಗಳನ್ನೂ ಬಿಚ್ಚಿ ನೋಡಿದರು. ಅವೆಲ್ಲ ತುಂಬಿಯೇ ಇದ್ದವು. ಕಳ್ಳ ತನಗೆ ಬೇಕಾದ ಒಂದನ್ನೇ ಆರಿಸಿಕೊಂಡು ಹೋಗಿದ್ದ.

ಬಾಗಲಕೋಟೆಯ ನವನಗರದಲ್ಲಿರುವ ನಜೀರಸಾಬರ ರೆಕಾರ್ಡಿಂಗ್ ಕೋಣೆ ಈಗ ಹೆಸರಿಗಷ್ಟೇ ಸ್ಟುಡಿಯೋ. ಮದುವೆ ವಿಡಿಯೋಗೆ ಹಾಡು ಕೂಡಿಸುವುದು, ಆಟೋದಲ್ಲಿ ಕೂಗಿಸಲು ಜಾಹೀರಾತು ಮಾಡಿಕೊಡುವುದು, ಇಷ್ಟೇ ಕೆಲಸ. ಆದರೆ ಹಾಡು ಕಟ್ಟಿ ಹಾಡುವ ಇಲಕಲ್ಲಿನ ದಾನೇಶ್ವರಿ ತನ್ನ ಮೊದಲ ಎರಡು ಕ್ಯಾಸೆಟ್‌ಗಳನ್ನು ಹಾಡಿದ್ದು ಇವರ ಮೈಕಿನ ಮುಂದೆ. ಆಗ ಅಂಗಡಿ ಹಳೆ ಊರಿನಲ್ಲಿತ್ತು. ಅಣೆಕಟ್ಟಿನ ಹಿನ್ನೀರು ಬಂದು ಊರು ಬಿಟ್ಟಾಗ ನಜೀರಸಾಬರು ಮೊದಲು ಸಾಗಿಸಿದ್ದು ಮನೆಯ ಪಾತ್ರೆಗಳನ್ನಲ್ಲ, ಈ ಡಬ್ಬಿಗಳನ್ನು. ಹೆಂಡತಿ ಅಮೀನಬಿಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಪಿಎಸ್‌ಐ ನಿಖತ ಬಂದಳು. ಬಾಗಿಲು ನೋಡಿದಳು. ಕೀಲಿ ಮುರಿದಿರಲಿಲ್ಲ.

“ಕೀಲಿಕೈ ಎಲ್ಲಿ ಇಡ್ತೀರಿ?”

“ಬಾಗಲ ಮ್ಯಾಲಿನ ಗೂಡಿನ್ಯಾಗ್ರಿ.”

“ಯಾರ್ಯಾರಿಗೆ ಗೊತ್ತು?”

“ಇಲ್ಲಿಗೆ ಬಂದು ಹಾಡಿದವರಿಗೆಲ್ಲ ಗೊತ್ತೈತ್ರಿ ಮೇಡಮ್ಮೋರ.”

ನಿಖತಳಿಗೆ ನಗು ಬಂತು. ತಡೆದುಕೊಂಡಳು.

“ಆ ಟೇಪ್ ಮಾರಿದ್ರ ಯಾರರ ತಗೋತಾರ?”

“ಯಾರೂ ಕೇಳಂಗಿಲ್ರಿ. ಅದನ್ನ ಹಚ್ಚೋ ಮಷೀನ ಈ ಸುತ್ತಿನಾಗ ನನ್ನ ಹಂತ್ಯಾಕ ಮಾತ್ರ ಐತಿ.”

“ಹಂಗಾರ ಕೇಳಾಕ ಒಯ್ದಿಲ್ಲ. ಬ್ಯಾರೇದವರು ಕೇಳಬಾರದಂತ ಒಯ್ದಾರ.”

ನಜೀರಸಾಬರು ನಡೆದದ್ದನ್ನು ಹೇಳಿದರು. ದಾನೇಶ್ವರಿಯ ಮೊದಲ ಆಲ್ಬಂ ‘ಒಡಲು ಸೆರಗು’ ಹೊಸದಾಗಿ ಬಿಡುಗಡೆಯಾಗಲಿದೆ. ಇಲಕಲ್ಲಿನಲ್ಲಿ ಕಾರ್ಯಕ್ರಮ. ಕಳುವಾದದ್ದು ಮೊದಲ ದಿನದ ರೆಕಾರ್ಡಿಂಗ್. ಅಂಗಡಿಗೆ ಬಂದ ಕ್ಯಾಸೆಟ್‌ನಲ್ಲಿ ಇದ್ದದ್ದು ಅದಲ್ಲ, ಮರುದಿನ ಮತ್ತೆ ಹಾಡಿದ್ದು. ನಿನ್ನೆ ಮೂವರು ಆ ಹಳೆಯ ಟೇಪ್ ಕೇಳಲು ಬಂದಿದ್ದರು: ದಾನೇಶ್ವರಿ, ಆಲ್ಬಂ ಹೊರತರುವ ಚೇತನಕುಮಾರ, ಬಾದಾಮಿಯ ನಿವೃತ್ತ ಪ್ರಾಧ್ಯಾಪಕ ವಿಜಯಮಹಾಂತೇಶ. ಹಾಡು ಶುರುವಾಗುತ್ತಿದ್ದಂತೆ ಕರೆಂಟ್ ಹೋಯಿತು. ನಾಳೆ ಬರುತ್ತೇವೆಂದು ಮೂವರೂ ಎದ್ದರು. ನಜೀರಸಾಬರು ಟೇಪನ್ನು ಡಬ್ಬಿಗೆ ಹಾಕಿ, ಕೀಲಿ ಹಾಕಿ, ಸಂಜೆಯ ನಮಾಜಿಗೆ ಹೋದರು.

ಅಷ್ಟರಲ್ಲಿ ಮಾತಿನಂತೆ ವಿಜಯಮಹಾಂತೇಶರು ಬಂದರು. ಇಸ್ತ್ರಿಯ ಬಿಳಿ ಅಂಗಿ, ಹೆಗಲಿಗೆ ಚೀಲ. ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದರು. ಮೊದಲಿನಿಂದ ದಾನೇಶ್ವರಿಯ ಬೆನ್ನಿಗೆ ನಿಂತ ವಿಮರ್ಶಕರೆಂದರೆ ಇವರೊಬ್ಬರೇ. ಹೊಸ ಆಲ್ಬಮ್ಮಿಗೆ ಮುನ್ನುಡಿಯೂ ಇವರದೇ, ಕಾರ್ಯಕ್ರಮಕ್ಕೆ ಅಧ್ಯಕ್ಷರೂ ಇವರೇ. ನಜೀರಸಾಬರು ಚಹಾ ತರಲು ಒಳಗೆ ಹೋದರು.

“ಸರ್, ಆ ಟೇಪಿನ್ಯಾಗ ಏನಿತ್ತು?” ನಿಖತ ಕೇಳಿದಳು.

“ನನಗೇನ ಗೊತ್ರಿ? ನಾ ರೆಕಾರ್ಡಿಂಗಿಗೆ ಬಂದಾಂವಲ್ಲ. ಕ್ಯಾಸೆಟ್ ಪ್ಯಾಟಿಗೆ ಬಂದ ಮ್ಯಾಲೆ ಎಲ್ಲಾರಂಗ ಕೇಳಿದಾಂವ.”

* * *

ಚೇತನಕುಮಾರನ ಕಚೇರಿ ಹುನಗುಂದದಲ್ಲಿತ್ತು. ನಿಖತ ಹೋಗುವ ಮುಂಚೆಯೇ ಆತ ಫೇಸ್‌ಬುಕ್ಕಿನಲ್ಲಿ ‘ನಾಡಿನ ದನಿ ಕಳುವಾಗಿದೆ’ ಎಂದು ಹಾಕಿ ಮೆಚ್ಚುಗೆಗಳನ್ನು ಎಣಿಸುತ್ತ ಕುಳಿತಿದ್ದ.

“ಪ್ರಚಾರಕ್ಕ ನೀವ ಕದ್ದೀರೇನಪಾ?”

ಹುಡುಗನ ಮುಖ ಬಿಳಿಚಿತು. “ಅಯ್ಯಯ್ಯ, ಇಲ್ರಿ ಮೇಡಂ! ನಿನ್ನೆ ಕರೆಂಟ್ ಹೋತು, ದಾನಕ್ಕನ್ನ ಕಾರಿನ್ಯಾಗ ಇಲಕಲ್ಲಿಗೆ ಬಿಟ್ಟು ಇಲ್ಲಿಗೆ ಬಂದೆ. ಸರ್‌ನ ಬಸ್‌ಸ್ಟ್ಯಾಂಡಿಗೆ ಬಿಡ್ತೇನಿ ಅಂದ್ರ, ಬ್ಯಾಡ, ಚಾ ಕುಡದ ಹೋಗ್ತೇನಿ ಅಂದ್ರು.”

“ಹಳೇ ಕ್ಯಾಸೆಟಿನ ಹಾಡ ಹಾಕಿದ್ರ ಆಗಂಗಿಲ್ಲೇನು?”

“ನನಗೇನೋ ಆಕ್ಕೈತ್ರಿ. ಅಕ್ಕ ಒಪ್ಪವಲ್ರು. ಮೊದಲನೇ ದಿನದ್ದು ಇದ್ರ ಹಾಕು, ಇಲ್ಲಂದ್ರ ಆ ಆಲ್ಬಂ ಹೊಳಿಗೆ ಒಗಿ ಅಂದ್ರು.”

ಹೊಳೆಗೆ ಒಗೆಯುವ ಮಾತು ನಿಖತಳ ಕಿವಿಯಲ್ಲಿ ನಿಂತಿತು. ಈಗ ಬಂದ ಹೆಸರು ಕೆಡುತ್ತದೆಂದು ಹಾಡಿದವಳೇ ಹಳೆಯದನ್ನು ಮುಚ್ಚಿಹಾಕಿ, ಆಲ್ಬಮ್ಮೇ ಬರದಂತೆ ಮಾಡಿದಳೇ? ಜೀಪು ಇಲಕಲ್ಲಿನ ಕಡೆ ಹೊರಟಿತು.

* * *

ಓಣಿಯ ತುಂಬ ಮಗ್ಗದ ಸದ್ದು. ದಾನೇಶ್ವರಿ ಕಟ್ಟೆಯ ಮೇಲೆ ಕೂತಿದ್ದಳು. ಅತ್ತು ಕಣ್ಣು ಕೆಂಪಾಗಿದ್ದವು. ಇದು ಕದ್ದವಳ ಮುಖವಲ್ಲವೆಂದು ನಿಖತಳಿಗೆ ಅನಿಸಿತು. ಆದರೆ ಪೊಲೀಸ್ ಕೆಲಸದಲ್ಲಿ ಅನಿಸಿದ್ದನ್ನೆಲ್ಲ ನಂಬುವ ಹಾಗಿಲ್ಲ.

“ಮೊದಲನೇ ದಿನದ್ದ ಯಾಕ ಬೇಕವ್ವಾ ನಿಮಗ?”

“ಒಂದು ಪದಕ್ಕರೀ.”

ಆಕೆ ಒಳಗಿನಿಂದ ಒಂದು ಸೀರೆ ತಂದು ಹಾಸಿದಳು. ಒಡಲು ಮುಗಿದು ಕೆಂಪು ಸೆರಗು ಶುರುವಾಗುವ ಕಡೆ ಬೆರಳಿಟ್ಟಳು.

“ಇಲ್ಲಿ ನೋಡ್ರಿ. ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಇದರ ಕುಣಿಕ್ಯಾಗ ಅದರ ಕುಣಿಕಿ ಸಿಗಿಸಿ ಕೂಡಸ್ತೇವಿ. ನಾವು ಅದಕ್ಕ ಕೊಂಡಿ ಅಂತೇವಿ. ನನ್ನ ಹಾಡು ಹಿಂಗಿತ್ತು: ಒಡಲು ನನ್ನದು, ಸೆರಗು ನಿನ್ನದು, ಕೊಂಡಿ ಹಾಕಿ ಕೂಡಿಸೇನಿ. ಮೊದಲನೇ ದಿನ ಹಂಗ ಹಾಡಿದೆ. ಹಿರಿಯರೊಬ್ರು, ಹೊರಗಿನವರಿಗೆ ತಿಳ್ಯಂಗಿಲ್ಲ, ಗಂಟು ಅನ್ನು ಅಂದ್ರು. ಮರುದಿನ ಗಂಟು ಅಂತ ಹಾಡಿದೆ.”

ಪಕ್ಕದ ಮನೆಯ ಬಾಗಿಲಲ್ಲಿ ನಿಂತಿದ್ದ ಮುದುಕ ಮಾಳಪ್ಪ ಬಾಯಿ ಹಾಕಿದ. “ನೇಕಾರನ ಮಗಳು ಸೆರಗಿಗೆ ಗಂಟ ಹಾಕಿದ್ಲಂತ ಇಡೀ ಓಣಿ ನಕ್ಕಿತ್ರಿ ಮೇಡಮ್ಮೋರ. ನಾನೂ ನಕ್ಕಿದ್ದೆ.”

ದಾನೇಶ್ವರಿ ತಲೆ ತಗ್ಗಿಸಿದಳು. ಹಾಡು ಹಳೆಯದಾಗಿತ್ತು, ನಾಚಿಕೆ ಮಾತ್ರ ನಿನ್ನೆಯದರಂತೆ ಹಸಿಯಾಗಿತ್ತು.

“ಓಣ್ಯಾಗ ಹಿಂಗಾದ್ರ, ಪೇಪರಿನ್ಯಾಗ ಅದಕ್ಕಿಂತ ಕೆಟ್ಟ. ಶ್ರುತಪ್ರಿಯ ಅಂತ ಯಾರೋ ವಾರಪತ್ರಿಕಿಗೆ ಬರೀತಿದ್ರು. ಆ ಪತ್ರಿಕಿ ಈಗ ಇಲ್ಲ. ಅವರು ಬರದಿದ್ದು ಮಾತ್ರ ನನ್ನ ತಲ್ಯಾಗ ಹಂಗ ಐತಿ.” ಆಕೆ ಕಣ್ಣು ಮುಚ್ಚಿ ಪಾಠ ಒಪ್ಪಿಸುವಂತೆ ಹೇಳಿದಳು: “‘ಸೆರಗಿಗೆ ಕೊಂಡಿ ಹಾಕುವ ಈ ಗಾಯಕಿಗೆ ಚೇಳಿನ ಕಾಟವಿರಬೇಕು. ಹಾಡು ಕೇಳಿದವರಿಗೂ ಅದೇ ಉರಿ.’”

“ಎರಡನೇ ಆಲ್ಬಂ?”

“ಅದಕ್ಕೂ ಬೈದ್ರು. ಎರಡ ಹಾಡು ಮಾತ್ರ ಹೊಗಳಿದ್ರು. ಅವೆರಡೂ ನಾ ಬರದಾವಲ್ಲ.”

“ಯಾರು ಬರದಿದ್ರು?”

“ನಮ್ಮ ಸರ್, ಬಾದಾಮಿಯವರು. ಆ ಮ್ಯಾಲೆ ನಾ ಭಾಳ ವರ್ಷ ಬಾಯಿನ ತಗೀಲಿಲ್ರಿ. ಈಗೀಗ ಫೋನಿನ್ಯಾಗ ಹಾಡ ಕೇಳಿದ ಮಂದಿ ಕರೀತಾರ, ಹಾರ ಹಾಕ್ತಾರ. ಆದ್ರ ನನ್ನ ಓಣಿಯವರ ಮುಂದ ಆ ಹಾಡು ಸುದ್ದ ಆಗಬೇಕು. ಅದೊಂದ ಆಸೆ.”

“ಆ ಕ್ಯಾಸೆಟ್ ಈಗ ಕೇಳ್ತೀರೇನು?”

“ಪೇಪರ ಓದಿದ ದಿನದಿಂದ ಮುಟ್ಟಿಲ್ರಿ. ನನ್ನ ತಲ್ಯಾಗ ಅದು ಇನ್ನೂ ಕೊಂಡಿ ಹಾಡ.”

* * *

ವಾಪಸು ಬರುವಾಗ ನಿಖತ ಚೇತನಕುಮಾರ ಕಳಿಸಿದ ಹಳೆಯ ಕ್ಯಾಸೆಟ್‌ನ ನಕಲನ್ನು ಫೋನಿನಲ್ಲಿ ಹಚ್ಚಿದಳು. ಗಂಟು ಹಾಕಿ ಕೂಡಿಸೇನಿ. ಎರಡನೇ ಚರಣದಲ್ಲೂ ಗಂಟು. ಕೊನೆಯಲ್ಲೂ ಗಂಟು. ಉಳಿದ ಹಾಡುಗಳನ್ನೂ ಕೇಳಿದಳು. ಕೊಂಡಿ ಎಲ್ಲೂ ಇರಲಿಲ್ಲ.

“ಗಾಡಿ ನಿಲ್ಲಸ್ರಿ,” ಎಂದಳು.

ರಸ್ತೆ ಬದಿಯಿಂದಲೇ ನಜೀರಸಾಬರಿಗೆ ಫೋನು ಹೋಯಿತು.

“ಮೊದಲನೇ ದಿನ ಹಾಡಬೇಕಾರ ಕ್ವಾಣ್ಯಾಗ ಯಾರ್ಯಾರ ಇದ್ರಿ?”

“ನಾ, ದಾನವ್ವ, ತಬಲಾದಾಂವ. ಅಂವ ತೀರಿ ಹ್ವಾದ. ಮತ್ತ ಬಾದಾಮಿ ಸರ್ ಇದ್ರು.”

“ಇದನ್ನ ಮುಂಜಾನಿ ಯಾಕ ಹೇಳಲಿಲ್ರಿ?”

“ನೀವೆಲ್ಲಿ ಕೇಳಿದ್ರಿ ಮೇಡಮ್ಮೋರ?”

ನಿಖತ ತನ್ನ ಹಣೆಗೆ ತಾನೇ ತಟ್ಟಿಕೊಂಡಳು. ಮಾತು ಸರಿಯಾಗಿತ್ತು. ಜೀಪು ಬಾದಾಮಿಯ ರಸ್ತೆಗೆ ತಿರುಗಿತು.

* * *

ವಿಜಯಮಹಾಂತೇಶರು ಅಧ್ಯಕ್ಷ ಭಾಷಣ ಬರೆಯುತ್ತಿದ್ದರು. ನಿಖತ ಎದುರಿಗೆ ಕುಳಿತಳು.

“ಸರ್, ಶ್ರುತಪ್ರಿಯ ಅನ್ನಾಂವ ಎಂಥಾ ವಿಮರ್ಶಕ?”

“ಮೂರ್ಖ. ನೇಕಾರರ ಪದ ತಿಳೀಲಾರದ ಚೇಳು ಅಂತ ಬರದ.”

“ಆ ಪದ ಅಂವಗ ಎಲ್ಲಿ ಸಿಕ್ತು?”

“ಕ್ಯಾಸೆಟಿನ್ಯಾಗ.”

“ಕ್ಯಾಸೆಟಿನ್ಯಾಗ ಕೊಂಡಿ ಇಲ್ರಿ ಸರ್. ಗಂಟ ಐತಿ. ಇಡೀ ಆಲ್ಬಂ ಈಗಷ್ಟ ಕೇಳಿ ಬಂದೇನಿ.”

ಪೆನ್ನು ನಿಂತಿತು.

“ಕೊಂಡಿ ಅಂತ ಆಕಿ ಹಾಡಿದ್ದು ಮೊದಲನೇ ದಿನ ಮಾತ್ರ. ಅದನ್ನ ಕೇಳಿದವರು ನಾಕ ಮಂದಿ. ಹಾಡಿದಾಕಿ ತನಗ ತಾನ ಬೈಕೊಳ್ಳಂಗಿಲ್ಲ. ತಬಲಾದಾಂವ ಈಗಿಲ್ಲ, ಟೇಪ್ ಒಯ್ಯಾಕ ಬರಂಗಿಲ್ಲ. ನಜೀರಸಾಬರಿಗೆ ಬ್ಯಾಡಾಗಿದ್ರ ಆ ಟೇಪ್ ಹಿನ್ನೀರಿಗೇ ಬಿಡತಿದ್ರು. ಉಳಿದವರು ನೀವು. ನಾ ರೆಕಾರ್ಡಿಂಗಿಗೆ ಬಂದಾಂವಲ್ಲ ಅಂತ ಮುಂಜಾನಿ ಸುಳ್ಳ ಹೇಳಿದ್ರಿ. ಎರಡನೇ ಆಲ್ಬಮ್ಮಿನ್ಯಾಗ ಶ್ರುತಪ್ರಿಯ ಹೊಗಳಿದ್ದು ಎರಡ ಹಾಡು, ಎರಡೂ ನಿಮ್ಮಾವು. ನಿನ್ನೆ ಚಾ ಕುಡೀತೇನಿ ಅಂತ ಹಿಂದ ಉಳದವರೂ ನೀವ, ಕೀಲಿಕೈ ಎಲ್ಲಿರತೈತಿ ಅಂತ ಗೊತ್ತಿದ್ದವರೂ ನೀವ. ಗಂಟು ಅನ್ನು ಅಂದ ಹಿರಿಯರೂ ನೀವ ಇರಬೇಕು; ಕರೆಂಟ್ ಹೋಗಲಾರದ ಇದ್ರ, ಹಾಡ ಮುಗದ ಮ್ಯಾಲೆ ನಿಮ್ಮ ಆ ಮಾತೂ ಎಲ್ಲಾರಿಗೂ ಕೇಳತಿತ್ತು. ಹೌದಲ್ರಿ?”

ವಿಜಯಮಹಾಂತೇಶರು ಎದ್ದು, ಪುಸ್ತಕಗಳ ಹಿಂದಿನಿಂದ ಟೇಪ್ ತೆಗೆದು ಮೇಜಿನ ಮೇಲಿಟ್ಟರು.

“ನನ್ನ ಪದ್ಯ ಕೊಟ್ಟಿದ್ದೆ ಆಕಿಗೆ. ಮೊದಲನೇ ಆಲ್ಬಮ್ಮಿನ್ಯಾಗ ಒಂದೂ ಹಾಡಲಿಲ್ಲ. ತನ್ನವ ಹಾಡಿದ್ಲು. ಅವು ನನ್ನಾವಕ್ಕಿಂತ ಛಲೋ ಇದ್ವು. ಅದ ಹೊಟ್ಟ್ಯಾಗ ಕುದೀತು. ಶ್ರುತಪ್ರಿಯನ ಹೆಸರಿನ್ಯಾಗ ಬರದ ಒಗದೆ.”

“ಆಮ್ಯಾಲೆ?”

“ಆ ಪೇಪರ ಹಿಡಕೊಂಡು ಅಳಕೋತ ನನ್ನ ಮನಿಗೇ ಬಂದ್ಲು. ಸಮಾಧಾನ ಮಾಡಿದೆ. ಅವತ್ತ ನನಗ ನಾಚಿಕಿ ಬರಲಿಲ್ರಿ, ಖುಷಿ ಆತು. ಆಕಿಗೆ ನಾ ಬೇಕಾದ್ನಲ್ಲ ಅಂತ.” ಅವರು ಮುಖ ಮುಚ್ಚಿಕೊಂಡರು. “ಟೇಪ್ ಸುಡಬೇಕಂತ ತಂದೆ. ಆಗಲಿಲ್ಲ. ಆಕಿ ದನಿ ಒಮ್ಮೆ ಅಡಗಿಸೇನಿ. ಎರಡನೇ ಸಲ ಕೈ ಏಳಲಿಲ್ಲ.”

ಎಷ್ಟೋ ಕಳ್ಳರನ್ನು ಕಂಡ ನಿಖತಳಿಗೆ ಇವರ ಮುಖ ನೋಡಲಾಗಲಿಲ್ಲ. ಮೇಷ್ಟ್ರೆಂದು ನಂಬಿ ಮನೆಗೆ ಬಂದ ಹುಡುಗಿಗೆ ಹೀಗೆ ಮಾಡಿದ್ದರಲ್ಲ ಎಂದು ಅಸಹ್ಯವಾಯಿತು. ವಯಸ್ಸಿಗೆ ಮರ್ಯಾದೆ ಕೊಟ್ಟು, “ನಡೀರಿ ಸರ್,” ಎಂದಷ್ಟೇ ಹೇಳಿದಳು.

* * *

ಮರುದಿನ ನಜೀರಸಾಬರ ಕೋಣೆಯಲ್ಲಿ ಟೇಪ್ ತಿರುಗಿತು. ಕರೆಂಟ್ ಇತ್ತು. ನಿಖತ ಎಲ್ಲವನ್ನೂ ಹೇಳಿಯಾಗಿತ್ತು; ದಾನೇಶ್ವರಿಯ ಎದುರಿಗೆ ವಿಜಯಮಹಾಂತೇಶರು ಕೂತಿದ್ದರು. ದಾನೇಶ್ವರಿಯ ಎಳೆಯ ದನಿ ಕೊಂಡಿ ಹಾಕಿ ಕೂಡಿಸೇನಿ ಎಂದು ಹಾಡಿ ಮುಗಿಸಿತು. ಆಮೇಲೆ ಒಂದು ಗಂಡು ದನಿ.

‘ಕೊಂಡಿ ಅಂದ್ರ ಚೇಳಿಂದೇನವ್ವಾ?’

ಹುಡುಗಿ ನಕ್ಕಳು. ಒಡಲು, ಸೆರಗು, ಎಳೆ, ಕುಣಿಕೆ, ಎಲ್ಲವನ್ನೂ ತಾಳ್ಮೆಯಿಂದ ಬಿಡಿಸಿ ಹೇಳಿದಳು. ಮತ್ತೆ ಗಂಡು ದನಿ: ‘ತಿಳೀತು, ತಿಳೀತು. ಭಾಳ ಛಲೋ ಪದ. ಆದ್ರೂ ಬ್ಯಾಡ, ಗಂಟು ಅನ್ನು.’

ದಾನೇಶ್ವರಿ ಟೇಪನ್ನೇ ನೋಡುತ್ತ ಹೇಳಿದಳು. “ಸರ್, ನಿಮಗ ತಿಳದಿತ್ತು.”

“ತಿಳದಿತ್ತವ್ವಾ.”

“ತಿಳೀಲಾರದ ಬೈದಾರ ಅಂತ ಶ್ರುತಪ್ರಿಯನ್ನ ಎಂದೋ ಮಾಫ ಮಾಡಿ ಬಿಟ್ಟಿದ್ದೆ ನಾ. ಒಮ್ಮೆ ಕ್ಯಾಸೆಟ್ ಹಚ್ಚಿದ್ರ, ಕೊಂಡಿ ಅದರಾಗ ಇಲ್ಲಂತ ನನಗೂ ಗೊತ್ತಾಗತಿತ್ತು. ನಾಚಿಕಿಗೆ ಹಚ್ಚಲಿಲ್ಲ. ನಿಮ್ಮ ನಾಚಿಕಿನೂ ನಾನ ಹೊತ್ತೇನ್ರಿ ಸರ್.”

ನಜೀರಸಾಬರು ಮಷೀನು ನಿಲ್ಲಿಸಿ, “ಕೇಸ್ ಬ್ಯಾಡ್ರಿ ಮೇಡಮ್ಮೋರ, ಟೇಪ್ ಬಂತಲ್ಲ,” ಎಂದರು. ಆಮೇಲೆ ದಾನೇಶ್ವರಿಯ ಕಡೆ ತಿರುಗಿದರು. “ಎಲ್ಲಿ ಕತ್ತರಸಲೆ ಬೇಟಿ? ಹಾಡ ಮುಗದಲ್ಲಿಗೆ?”

“ಬ್ಯಾಡ ಚಾಚಾ. ಅವರು ಕೇಳಿದ್ದಿರಲಿ, ನಾ ಹೇಳಿದ್ದಿರಲಿ. ತಿಳೀತು ಅಂತಾರಲ್ಲ, ಅದನ್ನ ಕತ್ತರಸ್ರಿ. ಹೆಸರೂ ಹಾಕಬ್ಯಾಡ್ರಿ.” ಮೊದಲ ಸಲ ಆಕೆ ವಿಜಯಮಹಾಂತೇಶರ ಮುಖ ನೋಡಿದಳು. “ಇಲಕಲ್ಲಿಗೆ ಬರ್ರಿ ಸರ್. ಸ್ಟೇಜಿನ ಮ್ಯಾಲೆ ಬ್ಯಾಡ. ನಮ್ಮ ಓಣಿಯವರ ನಡುವ ಕುಂದರ್ರಿ.”

* * *

ಕಾರ್ಯಕ್ರಮಕ್ಕೆ ಓಣಿಯೇ ಎದ್ದು ಬಂದಿತ್ತು. ಹಾಡು ಕೇಳಿ ನೇಕಾರರು ತಲೆದೂಗಿದರು. ಕೊಂಡಿ ಎಂದು ಬಂದಾಗಲೆಲ್ಲ ಹೆಂಗಸರು ತಮ್ಮ ಸೆರಗು ಮುಟ್ಟಿಕೊಂಡರು. ಚೇಳಿನ ಪ್ರಶ್ನೆ ಬಂತು. ಸಭೆ ಹೋ ಎಂದು ನಕ್ಕಿತು. ಹುಡುಗಿಯ ದನಿ ಬಿಡಿಸಿ ಹೇಳತೊಡಗಿದಾಗ ಎಲ್ಲ ಗಪ್ಪಾಯಿತು. ವೇದಿಕೆಯ ಮೇಲೆ ದಾನೇಶ್ವರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹಿಂದಿನ ಸಾಲಿನಲ್ಲಿ ವಿಜಯಮಹಾಂತೇಶರು ನೆಲ ನೋಡುತ್ತ ಕೂತಿದ್ದರು. ಪಕ್ಕದಲ್ಲಿ ಮುದುಕ ಮಾಳಪ್ಪ. ಅವರಿಗೂ ಆಚೆ, ಗೋಡೆಗೊರಗಿ ನಿಖತ ನಿಂತಿದ್ದಳು.

ಮಾಳಪ್ಪ ಸಲುಗೆಯಿಂದ ಅವರ ತೊಡೆಯ ಮೇಲೆ ಕೈಯಿಟ್ಟು ನಕ್ಕ. “ಯಾವನೋ ಏನೋ, ಪಾಪ. ತಿಳೀಲಾರದ ಕೇಳ್ಯಾನ.”

“ತಿಳದಿತ್ರಿ ಅಜ್ಜಾರ. ಆಕಿ ಹೇಳಿದಕೂಡಲೇ ತಿಳದಿತ್ತು.”

“ನಿಮಗ ಹೆಂಗ ಗೊತ್ತು?”

ವಿಜಯಮಹಾಂತೇಶರು ತಲೆ ಎತ್ತಿದರು. ಸುತ್ತ ಕೂತವರಿಗೂ ಕೇಳುವಂತೆ ಹೇಳಿದರು.

“ಆ ದನಿ ನಂದರೀ. ಆಮ್ಯಾಲೆ ಪೇಪರಿನ್ಯಾಗ ಚೇಳು ಅಂತ ಬರದಾಂವನೂ ನಾನ.”

ಮಾಳಪ್ಪ ಅವರ ತೊಡೆಯ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡ.