ಎಡಗನ್ನಡಿಯಲ್ಲಿ ಕಾಣದ ನಾಲ್ಕು ಹೆಜ್ಜೆ

ಸ್ವರ್ಣಲತಾ ಬಂದಾಗ ನಾನು ಮತ್ತು ವೇದಕ್ಕ ಹೆಸರುಕಾಳು ಆರಿಸುತ್ತಿದ್ದೆವು. 2009ರ ನವರಾತ್ರಿ ಮುಗಿದ ಮೇಲಿನ ಭಾನುವಾರ. ಅವಳು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು.

"ವೇದಕ್ಕ, ಇವರು ನಾಡಿದ್ದು ಮಂಗಳವಾರ ಪೊಲೀಸ್ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬದಲಾಯಿಸ್ತಾರಂತೆ. ಕನ್ನಡಿ ನೋಡದೆ ಕಾರು ತಿರುಗಿಸಿದೆ, ಬೂಬಣ್ಣನನ್ನು ಕೊಂದದ್ದು ನಾನೇ ಅಂತ ಬರೆದು ಕೊಡ್ತಾರಂತೆ. ಕಾರು ಕಲಿಸಿದ್ದು ನೀವು. ನೀವೇ ಹೇಳಿ, ನೋಡದೆ ತಿರುಗಿಸುವ ಜನವಾ ಅವರು?"

ವೇದಕ್ಕ, ಅಂದರೆ ವೇದಾವತಿ, ಮುಂಬಯಿ ಬಳಿಯ ಡೊಂಬಿವಲಿಯ ಮಾನ್ಪಾಡಾ ರಸ್ತೆಯಲ್ಲಿ ಇಪ್ಪತ್ತೆರಡು ವರ್ಷ ಡ್ರೈವಿಂಗ್ ಸ್ಕೂಲ್ ನಡೆಸಿದವರು. ನಾನು ಅಲ್ಲಿ ಅರ್ಜಿ ತುಂಬುತ್ತಿದ್ದ ಗುಮಾಸ್ತೆ, ವಿನೋದಾ. ಈಗ ಇಬ್ಬರೂ ಒಂದೇ ಹೌಸಿಂಗ್ ಸೊಸೈಟಿಯಲ್ಲಿ ಇದ್ದೇವೆ. ಅವರು ಕೆಳಗೆ, ನಾನು ಮೇಲೆ. ಸೊಸೈಟಿಯ ನೀರಿನ ಮೋಟಾರು ಕದ್ದವನನ್ನು ಅವರು ಹಿಡಿದುಕೊಟ್ಟ ಮೇಲೆ ಊರಿನ ನಮ್ಮವರಿಗೆಲ್ಲ ಪೊಲೀಸರಿಗಿಂತ ವೇದಕ್ಕನ ಮೇಲೆಯೇ ಭರವಸೆ. ಓಡಾಟ ಮಾತ್ರ ನನ್ನದು. ಅವರ ಮೊಣಕಾಲು ನೋಯುವುದು ಕೆಲಸ ಬಂದಾಗಲೇ.

ನಡೆದದ್ದು ನಮಗೂ ಗೊತ್ತಿತ್ತು. ಸ್ವರ್ಣಲತಾಳ ಗಂಡ ದಯಾನಂದನಿಗೆ ರೈಲ್ವೆ ಸ್ಟೇಷನ್ ಹತ್ತಿರ ಹೋಟೆಲಿದೆ. ಹನ್ನೆರಡನೆಯ ವಯಸ್ಸಿನಲ್ಲಿ ಅವನನ್ನು ಪಡುಬಿದ್ರಿ ಕಡೆಯಿಂದ ಬಸ್ಸು ಹತ್ತಿಸಿ ಕರೆತಂದು ಅಡುಗೆಮನೆಯ ಕೆಲಸ ಕಲಿಸಿದವನು ಬೂಬಣ್ಣ. ದಯಾನಂದ ಧಣಿಯಾದ ಮೇಲೂ ಬೂಬಣ್ಣ ಹಿಟ್ಟಿನ ಪಾತ್ರೆ ಬಿಡಲಿಲ್ಲ. ಹೋಟೆಲಿನ ಹಿಂದಿನ ಕೋಣೆಯಲ್ಲೇ ಇದ್ದ. ಗುರುವಾರ ಮಧ್ಯಾಹ್ನ ಮೂರಕ್ಕೆ, ಊಟದ ಗದ್ದಲ ಮುಗಿದಾಗ, ದಯಾನಂದ ಹಿಂದಿನ ಓಣಿಯಿಂದ ಕಾರು ತೆಗೆದು ರಸ್ತೆಗೆ ಎಡಕ್ಕೆ ತಿರುಗಿಸಿದ. ಏನೋ ದಿಬ್ಬ ಹತ್ತಿ ಇಳಿದಂತಾಯಿತು. ಇಳಿದು ನೋಡಿದರೆ ಎಡಗಡೆಯ ಹಿಂದಿನ ಚಕ್ರದಡಿ ಬೂಬಣ್ಣ. ಸುತ್ತ ಗಾಜಿನ ಚೂರು, ಒಣಗಿದ ಚೆಂಡುಹೂವಿನ ಎಸಳು. ಪೊಲೀಸರು ಬ್ರೇಕು ಪರೀಕ್ಷಿಸಿ ಶನಿವಾರ ಕಾರು ವಾಪಸು ಕೊಟ್ಟರು. ಜೊತೆಗೆ ಸತ್ತವನ ಚಪ್ಪಲಿ, ಬಟ್ಟೆಚೀಲ.

ಅಂದಿನಿಂದ ದಯಾನಂದ ಅತ್ತಿರಲಿಲ್ಲ. ಮರುದಿನವೇ ಹೋಟೆಲು ತೆರೆದ. ನನಗೂ ಅಳು ಬಂದಿರಲಿಲ್ಲ. ಭಾನುವಾರ ಕೇಳದೆಯೇ ಎರಡನೇ ಬಟ್ಟಲು ಚಟ್ನಿ ಇಡುತ್ತಿದ್ದ ಮನುಷ್ಯ ಸತ್ತನೆಂಬುದು ನನ್ನ ತಲೆಗೆ ಹೋಗಿತ್ತು, ಅದಕ್ಕಿಂತ ಕೆಳಗೆ ಇಳಿದಿರಲಿಲ್ಲ.

"ನಿನಗೆ ಯಾರ ಮೇಲೆ ಸಂಶಯ?" ವೇದಕ್ಕ ಕೇಳಿದರು. ಸ್ವರ್ಣಲತಾ ಬೇರೆ ಏನನ್ನೋ ಹೊತ್ತು ತಂದಿದ್ದಾಳೆಂದು ಅವರಿಗೆ ತಿಳಿದಿತ್ತು.

"ರಿತೇಶನ ಮೇಲೆ," ಎಂದಳು ಅವಳು. ರಿತೇಶ್ ದಯಾನಂದನ ಅಕ್ಕನ ಮಗ. ಇಪ್ಪತ್ತಾರರ ಪ್ರಾಯ, ಹೋಟೆಲಿನ ಮೇಲ್ವಿಚಾರಣೆ ಅವನದೇ. "ದಸರೆಯ ಮರುದಿನ ಅವನು ಜಯೇಶನ ಅಂಗಡಿಯಲ್ಲಿ ಇದ್ದದ್ದನ್ನು ನಾನೇ ಕಂಡೆ. ಕಾರಿಗೆ ಎಂತದೋ ಮಾಡಿದ್ದಾನೆ. ಕೇಳಿದರೆ ಬಾಯಿ ಬಿಡುವುದಿಲ್ಲ." ಜಯೇಶ್ ಎಂದರೆ ಕಾರಿನ ಸೀಟ್‌ಕವರು, ಹಾರನ್ನು, ಕನ್ನಡಿ ಹಾಕಿಕೊಡುವವನು.

ನಾವು ಹೋಟೆಲಿಗೆ ಹೋದಾಗ ದಯಾನಂದ ತನ್ನ ಜಾಗದಲ್ಲೇ ಕೂತಿದ್ದ. ಎದುರಿಗೆ ಕೆನೆಗಟ್ಟಿದ ಚಹಾ.

"ದಯಾನಂದ, ಅವತ್ತು ಕನ್ನಡಿ ನೋಡಿದ್ದೆಯಾ?"

"ನೋಡಿದ್ದೆ ಅಂತ ನೆನಪಿತ್ತು, ವೇದಕ್ಕ. ಈಗ ಗೊತ್ತಿಲ್ಲ. ನೋಡಿದ್ದರೆ ಅವನು ಕಾಣಬೇಕಿತ್ತಲ್ವಾ?"

"ಎಂತ ಕಂಡಿತು, ಅದನ್ನು ಹೇಳು."

"ಗೋಡೆ. ತುಂಬ ಹತ್ತಿರ ಇದ್ದ ಹಾಗೆ ಕಂಡಿತು. ತಾಗ್ತದೆ ಅಂತ ಸ್ವಲ್ಪ ಬಲಕ್ಕೆ ಎಳೆದು, ಆಮೇಲೆ ಎಡಕ್ಕೆ ತಿರುಗಿಸಿದೆ." ಅವನು ಬೇರೆಯವರ ವಿಷಯ ಹೇಳುವಂತೆ ಹೇಳಿದ. "ಹಬ್ಬದ ನಂತರ ಕಾರು ತೆಗೆದದ್ದು ಅವತ್ತೇ ಮೊದಲು."

ಕಾರು ಓಣಿಯಲ್ಲಿ ನಿಂತಿತ್ತು. ಅದು ಕಡಿಮೆ ದರ್ಜೆಯ ಮಾಡೆಲು. ಕಂಪೆನಿಯಿಂದ ಬಂದಾಗ ಬಲಗನ್ನಡಿ ಮಾತ್ರ ಇತ್ತು. ಎಡಗನ್ನಡಿ ಇಲ್ಲದೆ ಕಾರು ರಸ್ತೆಗೆ ಇಳಿಸಬಾರದೆಂದು ವೇದಕ್ಕ ಹಟ ಹಿಡಿದು, ಜಯೇಶನ ಅಂಗಡಿಯಲ್ಲಿ ದೊಡ್ಡ ಉಬ್ಬುಗನ್ನಡಿ ಹಾಕಿಸಿ, ಅದರ ಮೂಲೆಗೆ ರೂಪಾಯಿ ಗಾತ್ರದ ಗುಂಡು ಕನ್ನಡಿಯನ್ನೂ ಅಂಟಿಸಿದ್ದರು. ಅದನ್ನು ಹೊರಕ್ಕೆ ತಿರುಗಿಸಿ ಇಡುವುದನ್ನೂ ಕಲಿಸಿದ್ದರು. ನಮ್ಮ ಸ್ಕೂಲಿನ ಮೊದಲ ಪಾಠವೇ ಅದು: "ನಿಮ್ಮ ಕಾರನ್ನು ನೋಡ್ಲಿಕ್ಕೆ ಕನ್ನಡಿ ಯಾಕೆ? ಅದು ಎಲ್ಲಿಗೂ ಓಡಿ ಹೋಗುವುದಿಲ್ಲ. ಪಕ್ಕದವರನ್ನು ನೋಡಿ."

"ವಿನೋದಾ, ಕಾರಿನ ಗಾಜುಗಳನ್ನೆಲ್ಲ ನೋಡಿ ಬಾ. ಎಷ್ಟು ಒಡೆದಿದೆ?"

ನಾನು ಒಂದು ಸುತ್ತು ಬಂದೆ. ಕಿಟಕಿ, ದೀಪ, ಕನ್ನಡಿ, ಒಂದೂ ಬಿರುಕು ಬಿಟ್ಟಿರಲಿಲ್ಲ. ಬಲಗನ್ನಡಿಯಲ್ಲಿ ಆಯುಧಪೂಜೆಯ ಗಂಧ, ಅದರ ನಡುವೆ ಕುಂಕುಮ ಹಾಗೇ ಇತ್ತು. ಎಡಗನ್ನಡಿಯಲ್ಲೂ ಬೊಟ್ಟು ಇತ್ತು. ಆದರೆ ಗಾಢ ಹಳದಿ, ತರಿತರಿ, ಬೆರಳಿನ ಗೆರೆ ಎದ್ದು ಕಾಣುವಷ್ಟು ದಪ್ಪ. ಗುಂಡು ಕನ್ನಡಿ ಇರಲಿಲ್ಲ. ಅಂಚಿಗೆ ಕೈ ಹಾಕಿದೆ, ಬೆರಳು ಗೀರಿ ರಕ್ತ ಬಂತು.

"ಸರಿ," ಎಂದರು ವೇದಕ್ಕ. ನನ್ನ ಬೆರಳಿಗೆ ಹೇಳಿದ ಸಮಾಧಾನ ಅಷ್ಟೇ.

ಆಮೇಲೆ ಬೂಬಣ್ಣನ ಕೋಣೆ. ಚಾಪೆ, ಒಂದು ಪೆಟ್ಟಿಗೆ, ಗೋಡೆಯಲ್ಲಿ ದೇವಿಯ ಫೋಟೋ. ಪೊಲೀಸರು ಕೊಟ್ಟ ಬಟ್ಟೆಚೀಲ ಮೂಲೆಯಲ್ಲಿತ್ತು. ಬಿಚ್ಚಿದರೆ ಮಾಲೆಯ ದಾರ, ಹೂವು, ಜಾಗದಿಂದ ಗುಡಿಸಿ ತುಂಬಿದ ಗಾಜು. ವೇದಕ್ಕ ಒಂದು ದೊಡ್ಡ ಚೂರನ್ನು ನೆಲದ ಮೇಲಿಟ್ಟು ಬೆರಳಿನಿಂದ ಮುಟ್ಟಿದರು. ಅದು ತೊಟ್ಟಿಲಿನಂತೆ ತೂಗಿತು. ಎರಡು ಮೂರು ಸಲ ತೂಗಿಸಿದರು. ಈ ಪ್ರಾಯದಲ್ಲಿ ಎಂತ ಆಟ ಎಂದುಕೊಂಡೆ, ಹೇಳಲಿಲ್ಲ.

ಬಾಗಿಲಲ್ಲಿ ರಿತೇಶ್ ನಿಂತಿದ್ದ. "ಕನ್ನಡಿಯ ವಿಷಯ ನಿನಗೆ ಎಂತ ಗೊತ್ತುಂಟು?" ಎಂದು ವೇದಕ್ಕ ಕೇಳಿದ್ದೇ ಅವನ ಮುಖ ಬಿಳಿಚಿತು. "ಮುಝೆ ಕುಛ್ ನಹೀ ಮಾಲೂಮ್, ನನಗೇನೂ ಗೊತ್ತಿಲ್ಲ," ಎಂದು ಹೊರಟೇ ಹೋದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಮಟ್ಟಿಗೆ ಪತ್ತೇದಾರಿಕೆ ಅಲ್ಲಿಗೆ ಮುಗಿದಿತ್ತು. ಆದರೂ ವೇದಕ್ಕ ನನ್ನನ್ನು ಬಿಸಿಲಲ್ಲಿ ಜಯೇಶನ ಅಂಗಡಿಗೆ ಅಟ್ಟಿದರು. ರಿತೇಶ್ ದಸರೆಯ ಮರುದಿನ ಬಂದು ಎಡಗನ್ನಡಿಯ ಗಾಜು ಸಿಗುತ್ತದಾ ಎಂದು ಕೇಳಿದ್ದು ನಿಜ, ತರಿಸಲು ಎಂಟು ದಿನ ಬೇಕೆಂದಾಗ ಸುಮ್ಮನೆ ಹೋದದ್ದೂ ನಿಜ ಎಂದ ಜಯೇಶ್.

ಸೋಮವಾರ ಮಧ್ಯಾಹ್ನ ಮೂರೂವರೆಗೆ ಎಲ್ಲರೂ ಓಣಿಯಲ್ಲಿ ಸೇರಿದೆವು. ದಯಾನಂದ, ಸ್ವರ್ಣಲತಾ, ರಿತೇಶ್, ಬೇರೊಂದು ಕಾರಿನಿಂದ ಬಿಚ್ಚಿ ತಂದ ಅಂಥದೇ ಉಬ್ಬುಗನ್ನಡಿ ಹಿಡಿದ ಜಯೇಶ್. ಮರುದಿನ ಹೇಳಿಕೆ. ದಯಾನಂದ ಅದಕ್ಕೆಂದು ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದನೆಂದು ಸ್ವರ್ಣಲತಾ ನನ್ನ ಕಿವಿಯಲ್ಲಿ ಹೇಳಿದಳು.

ವೇದಕ್ಕ ಅವನನ್ನು ಚಾಲಕನ ಸೀಟಿನಲ್ಲಿ ಕೂರಿಸಿದರು. ಅವನು ಗೊಂಬೆಯ ಹಾಗೆ ಕೂತ. "ವಿನೋದಾ ಕಾರಿನ ಹಿಂದಿನಿಂದ ಎಡಬದಿಗೆ ನಡೆದು ಬರ್ತಾಳೆ. ಎಡಗನ್ನಡಿ ಮಾತ್ರ ನೋಡು. ಕಾಣದೆ ಹೋದ ಕೂಡಲೇ ಹೇಳು."

ನಾನು ಗೋಡೆಗೂ ಕಾರಿಗೂ ನಡುವೆ ನಡೆದೆ. ಹಿಂದಿನ ಬಾಗಿಲಿನ ಹತ್ತಿರ ಬಂದಾಗ, "ಇಲ್ಲ," ಎಂದ ದಯಾನಂದ. ಮತ್ತೆ ಒಂದು ಹೆಜ್ಜೆ. "ಇಲ್ಲ." ಇನ್ನೂ ಎರಡು. "ಇಲ್ಲ. ಇಲ್ಲ." ಐದನೆಯದಕ್ಕೆ ನಾನು ಮುಂದಿನ ಕಿಟಕಿಯಲ್ಲಿ ಕಂಡೆ. ಜಯೇಶ್ ಕಾರಿನಲ್ಲಿದ್ದ ಗಾಜು ಬಿಚ್ಚಿ ತಾನು ತಂದದ್ದನ್ನು ಕೂರಿಸಿದ. ಮತ್ತೆ ನಡೆದೆ.

"ಕಾಣ್ತಾಳೆ," ಎಂದ ದಯಾನಂದ. ಕನ್ನಡಿಯ ಕಡೆ ಬಾಗಿ, "ಪೂರ್ತಿ ಕಾಣ್ತಾಳೆ. ಗೋಡೆ ದೂರ ಹೋಯಿತು," ಎಂದ.

"ಹೌದು," ಎಂದರು ವೇದಕ್ಕ. "ಉಬ್ಬುಗನ್ನಡಿ ಎಲ್ಲವನ್ನೂ ಸಣ್ಣದು ಮಾಡಿ ದೂರ ತೋರಿಸ್ತದೆ, ಅದಕ್ಕೇ ಹೆಚ್ಚು ಜಾಗ ಹಿಡಿಸ್ತದೆ. ಜಯೇಶ್ ಬಿಚ್ಚಿದ ಈ ಚಪ್ಪಟೆ ಗಾಜು ಇದ್ದಷ್ಟೇ ತೋರಿಸ್ತದೆ. ಇಷ್ಟು ವರ್ಷ ದೂರ ಕಂಡ ಗೋಡೆ ಗುರುವಾರ ಹತ್ತಿರ ಬಂತು ಅಂತ ನೀನೇ ಹೇಳಿದೆ. ನೋಡದವನಿಗೆ ಆ ವ್ಯತ್ಯಾಸ ಗೊತ್ತಾಗುವುದು ಹೇಗೆ ಮಾರಾಯ? ನೀನು ನೋಡಿದ್ದಿ. ಸುಳ್ಳು ಹೇಳಿದ್ದು ಗಾಜು."

"ಹಾಗಾದರೆ ಬದಲಾಯಿಸಿದ್ದು ಯಾರು?" ಸ್ವರ್ಣಲತಾಳ ಕಣ್ಣು ರಿತೇಶನ ಮೇಲಿತ್ತು.

"ಹೇಳ್ತೇನೆ, ನಿಲ್ಲು. ಕಾರಿನ ಒಂದು ಗಾಜೂ ಒಡೆದಿಲ್ಲ. ಆದರೂ ರಸ್ತೆಯಲ್ಲಿ ಗಾಜಿನ ಚೂರು. ಎಲ್ಲಿಂದ ಬಂತು? ಚೀಲದಿಂದ. ಚೂರು ನೆಲದ ಮೇಲಿಟ್ಟರೆ ತೂಗ್ತದೆ, ಅಂದರೆ ಉಬ್ಬುಗನ್ನಡಿಯದ್ದು. ಒಂದರ ಮೇಲೆ ಸ್ವರ್ಣ ಇಟ್ಟ ಗಂಧ ಕುಂಕುಮ ಇನ್ನೂ ಉಂಟು. ಗುಂಡು ಕನ್ನಡಿಯೂ ಚೀಲದಲ್ಲೇ ಸಿಕ್ಕಿತು. ಹಾಗಾಗಿ ಒಡೆದದ್ದು ಪೂಜೆಯ ನಂತರ, ಅಪಘಾತಕ್ಕೆ ಮೊದಲು. ಈ ಚಪ್ಪಟೆ ಗಾಜಿನ ಅಂಚು ಉಜ್ಜಿರಲಿಲ್ಲ, ವಿನೋದಾಳ ಬೆರಳು ಸಾಕ್ಷಿ. ಕಾರಿನ ಅಂಗಡಿಯದ್ದಲ್ಲ, ಫೋಟೋಕ್ಕೆ ಕಟ್ಟು ಹಾಕುವವರು ಕತ್ತರಿಸಿ ಕೊಟ್ಟದ್ದು. ಅದರ ಮೇಲಿನ ಬೊಟ್ಟು ಗಂಧ ಅಲ್ಲ, ಸಾಂಬಾರಿಗೆ ಹಾಕುವ ಅರಶಿನ."

ನಾನು ನನ್ನ ಗೀರಿದ ಬೆರಳು ನೋಡಿಕೊಂಡೆ.

"ಮೋಸ ಮಾಡುವವನು ಗಾಜು ಹಾಕಿ ಹೋಗ್ತಾನೆ; ದೇವರ ಬೊಟ್ಟು ತಪ್ಪಬಾರದು ಅಂತ ಅಡುಗೆಮನೆಗೆ ಓಡುವುದಿಲ್ಲ. ಒಡೆದದ್ದನ್ನು ಕಸದ ಡಬ್ಬಿಗೆ ಹಾಕ್ತಾನೆ. ಇವನು ಹಾಕಲಿಲ್ಲ. ಪೂಜೆ ಆದ ವಸ್ತು ಕಸಕ್ಕೆ ಹೋಗಬಾರದು, ಹರಿಯುವ ನೀರಿಗೆ ಬಿಡಬೇಕು. ಮಾಲೆಯ ಜೊತೆಗೆ ಚೀಲಕ್ಕೆ ತುಂಬಿ, ಧಣಿಗೆ ಕಾಣಬಾರದು ಅಂತ ಗೋಡೆ ಬದಿಯಲ್ಲಿ ಸರಿದು, ಮೋಠಾಗಾಂವಿನ ಖಾಡಿಗೆ, ಆ ಉಪ್ಪುನೀರಿನ ಹೊಳೆಗೆ, ಹೊರಟಿದ್ದ."

ದಯಾನಂದ ಸ್ಟೇರಿಂಗ್ ಹಿಡಿದಿದ್ದ ಕೈ ಬಿಟ್ಟ. "ಬೂಬಣ್ಣ," ಎಂದ.

ಆಗ ರಿತೇಶ್ ಬಾಯಿ ಬಿಟ್ಟ. ಅರ್ಧ ಹಿಂದಿ, ಅರ್ಧ ಕನ್ನಡ. ದಸರೆಯ ಮರುದಿನ ಬೂಬಣ್ಣ ಒಣಗಿದ ಮಾಲೆ ಎಳೆದಾಗ ದಾರಕ್ಕೆ ಸಿಕ್ಕಿ ಗಾಜು ಕಳಚಿ ಕಲ್ಲಿನ ಮೇಲೆ ಬಿತ್ತಂತೆ. "ಪೂಜೆ ಆದ ಕನ್ನಡಿ ಒಡೆದದ್ದು ಧಣಿಗೆ ಗೊತ್ತಾದ್ರೆ ವರ್ಷವಿಡೀ ಮನಸ್ಸಿಗೆ ಹಚ್ಚಿಕೊಳ್ತಾನೆ, ಹೇಳಬೇಡ" ಎಂದು ಕೈ ಹಿಡಿದಿದ್ದನಂತೆ. "ಎಂಟು ದಿನ ಆಗ್ತದೆ ಅಂತ ಬೂಬಣ್ಣನಿಗೆ ಹೇಳಿದೆ ಮಾವ. ಕಾಯ್ತಾನೆ ಅಂದುಕೊಂಡೆ. ಬೇರೆ ಗಾಜು ಹಾಕಿದ್ದು ಸಚ್ಚೀ ಗೊತ್ತಿರಲಿಲ್ಲ. ಆಮೇಲೆ... ಪ್ರಾಮಿಸ್ ಕಿಯಾ ಥಾ, ಮಾತು ಕೊಟ್ಟಿದ್ದೆ. ಸತ್ತವನ ಮೇಲೆ ತಪ್ಪು ಹೇಗೆ ಹಾಕ್ಲಿ?"

ಸ್ವರ್ಣಲತಾ ಅವನ ಹತ್ತಿರ ಹೋದಳು. ಅವನ ಅಂಗಿಯ ಕಾಲರು ಸರಿ ಮಾಡಿದಳು. ಕ್ಷಮೆ ಕೇಳುವ ಅಭ್ಯಾಸ ಅವಳಿಗಿಲ್ಲ.

"ನನ್ನ ಹತ್ತಿರ ಹೇಳಿದ್ದರೆ ನಾನು ಬಯ್ಯುತ್ತಿದ್ದೆನಾ?" ದಯಾನಂದ ಕೇಳಿದ. ಅವನೇ ಉತ್ತರಿಸಿಕೊಂಡ. "ಬಯ್ಯುತ್ತಿದ್ದೆ. ಅಪಶಕುನ ಅಂತ ಎಲ್ಲರ ಮುಂದೆ ಬಯ್ಯುತ್ತಿದ್ದೆ."

"ಬಯ್ಯುತ್ತಿದ್ದಿ," ಎಂದರು ವೇದಕ್ಕ. "ಸಂಜೆಗೆ ಅವನೇ ನಿನಗೆ ಚಹಾ ತಂದು ಕೊಡುತ್ತಿದ್ದ. ನಾಳೆ ಸ್ಟೇಷನ್ನಿಗೆ ಹೋಗು. ನೋಡಿದ್ದೆ, ಕಾಣಲಿಲ್ಲ ಅಂತ ಇದ್ದದ್ದನ್ನೇ ಹೇಳು. ಚೂರುಗಳನ್ನೂ ಈ ಗಾಜನ್ನೂ ತೋರಿಸು. ನಾನೂ ಬರ್ತೇನೆ."

ಮರುದಿನ ಇನ್ಸ್‌ಪೆಕ್ಟರು ಎಲ್ಲವನ್ನೂ ಕೇಳಿ, ಗಾಜುಗಳ ಫೋಟೋ ತೆಗೆಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡರು. ಕೇಸು ನಡೆಯಬೇಕಾದಷ್ಟು ದಿನ ನಡೆಯಿತು. ದಯಾನಂದ ಜೈಲಿಗೆ ಹೋಗಲಿಲ್ಲ.

ಕೇಸು ಮುಗಿದ ಮೇಲೆ ಒಂದು ಮಧ್ಯಾಹ್ನ ನಾವೆಲ್ಲ ಖಾಡಿಗೆ ಹೋದೆವು. ಬೂಬಣ್ಣ ಅರ್ಧದಲ್ಲೇ ಬಿಟ್ಟ ಕೆಲಸ ಅದು. ಕಾರು ಓಡಿಸಿದ್ದು ದಯಾನಂದನೇ. ಹೊರಡುವ ಮೊದಲು ಮೂರು ಸಲ ಎಡಗನ್ನಡಿ ನೋಡಿದ. ಇಳಿದು, ಚೂರುಗಳನ್ನೂ ಗುಂಡು ಕನ್ನಡಿಯನ್ನೂ ಒಂದೊಂದಾಗಿ ನೀರಿಗೆ ಬಿಟ್ಟ. ಕೊನೆಗೆ ಆ ಚಪ್ಪಟೆ ಗಾಜು ಉಳಿಯಿತು.

"ಅದನ್ನೂ ಬಿಡಿ," ಎಂದಳು ಸ್ವರ್ಣಲತಾ. "ಅದೇ ಅಲ್ವಾ ಅವನನ್ನು ತೆಗೆದುಕೊಂಡು ಹೋದದ್ದು?"

ದಯಾನಂದ ಗಾಜನ್ನು ಬೆಳಕಿಗೆ ಹಿಡಿದ. ಅರಶಿನದ ಬೊಟ್ಟು ಒಣಗಿ ಬಿರುಕು ಬಿಟ್ಟಿತ್ತು, ಬೆರಳಿನ ಗೆರೆಗಳು ಮಾತ್ರ ಹಾಗೇ ಇದ್ದವು. ಬಸ್ಸು ಹತ್ತುವಾಗ ಅವನ ಕೈ ಹಿಡಿದಿದ್ದ ಬೆರಳು.

"ಇದರಲ್ಲಿ ಬೂಬಣ್ಣ ಇದ್ದಾನೆ," ಎಂದು ಅದನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡ. ಆಮೇಲೆ ದಂಡೆಯ ಕೆಸರಿನಲ್ಲೇ ಕುಸಿದು ಕೂತು ಅಳತೊಡಗಿದ. ಅಷ್ಟು ದಿನ ಬಾರದಿದ್ದ ಅಳು ನನಗೂ ಆಗಲೇ ಬಂತು.