ನೇರಳೆ ಬೆಳಕನ್ನು ಕೆಡಿಸಿದವರು

"ಹೋಯ್ತು! ಮತ್ತೆ ಹೋಯ್ತು!"

ತಮ್ಮನ ಕೂಗಿಗೆ ಅಣ್ಣ ಗ್ಯಾರೇಜಿಗೆ ಓಡಿಬಂದ. ಉಕ್ಕಿನ ಗೋಳದ ಗಾಜಿನ ಕಿಂಡಿಯಲ್ಲಿ ನೇರಳೆ ಬೆಳಕು ಭಗ್ಗೆಂದು ಹೊತ್ತಿ ಆರಿತು. ನಿನ್ನೆಯವರೆಗೆ ಇದೇ ಪ್ಲಾಸ್ಮಾ, ಕರೆಂಟು ಹರಿದು ಹೊಳೆಯುವ ಅನಿಲ, ಅಲುಗದೆ ನಿಂತು ಉರಿದಿತ್ತು. ಇವತ್ತು ಸಂಜೆ ಹವ್ಯಾಸಿ ಸಂಘದವರು ತಮ್ಮನು ಕಟ್ಟಿದ ಈ ಪರಮಾಣು ಸಮ್ಮಿಳನ ಯಂತ್ರ ನೋಡಲು ಬರುವವರಿದ್ದರು.

"ಪಂಪು ಎಷ್ಟು ಗಾಳಿ ಎಳೆದ್ರೂ ಒತ್ತಡ ಇಳೀತಾನೇ ಇಲ್ಲ," ತಮ್ಮ ಅಂದ. "ಒಳಗೆ ಗಾಳಿ ಜಾಸ್ತಿಯಾದ್ರೆ ಕರೆಂಟು ನುಗ್ಗುತ್ತೆ, ವೋಲ್ಟೇಜ್ ಕುಸಿಯುತ್ತೆ. ಸೋರ್ತಿರೋದು ಬೆಸುಗೇಲೇ!"

ಬೆಸುಗೆ ಅಣ್ಣನದು. ಸಂಘ ಕಟ್ಟಿಸಲಿದ್ದ ದೊಡ್ಡ ಗೋಳದ ಬೆಸುಗೆ ಕೆಲಸವೂ ಅವನಿಗೇ ಎಂದು ಮಾತಾಗಿತ್ತು. ಇದು ಸೋರಿತೆಂದರೆ ಆ ಕೆಲಸ ಕೈತಪ್ಪುತ್ತಿತ್ತು, ಜೊತೆಗೆ ಹೆಸರೂ ಹೋಗುತ್ತಿತ್ತು. ಆದರೂ ಬೆಳಕು ಆರಿದ ಗಳಿಗೆ ಅವನ ಹೊಟ್ಟೆ ತಣ್ಣಗಾದದ್ದು ಸುಳ್ಳಲ್ಲ. ಚಿಕ್ಕಂದಿನಿಂದ ಬಹುಮಾನ, ಹೊಗಳಿಕೆ ಎಲ್ಲ ತಮ್ಮನ ಪಾಲಿಗೇ. ಅಣ್ಣನ ಹೊಟ್ಟೆಕಿಚ್ಚು ಇಡೀ ಬೀದಿಗೆ ಗೊತ್ತಿತ್ತು.

ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ತಜ್ಞೆಯಾಗಿದ್ದ ಚಿಕ್ಕಮ್ಮ ಈಗ ಸಂಘದ ಅಧ್ಯಕ್ಷೆ. ಎಲ್ಲರಿಗಿಂತ ಮೊದಲೇ ಬಂದವಳು ಅಣ್ಣನನ್ನು ದಿಟ್ಟಿಸಿದಳು.

"ನಿನ್ನೆ ಇಲ್ಲಿಗೆ ಬಂದಿದ್ದೆಯಾ?"

"ನಾನೇನೂ ಮುಟ್ಟಿಲ್ಲ!"

"ಮುಟ್ಟಿದೆಯಾ ಅಂತ ಕೇಳ್ಲಿಲ್ವಲ್ಲೋ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೋತೀಯಲ್ಲ!"

ಅಣ್ಣನ ಮುಖ ಕೆಂಪಾಯಿತು. ಬಂದಿದ್ದ. ಬೆಳಕನ್ನು ನೋಡಿ ಕರುಬಿ ಹೋಗಿದ್ದ, ಅಷ್ಟೇ.

ಬಾಗಿಲಲ್ಲಿ ಕೈಗೆ ಕ್ರೀಮ್ ತಿಕ್ಕಿಕೊಳ್ಳುತ್ತಿದ್ದ ತಮ್ಮನ ಹೆಂಡತಿಯ ಕಡೆಗೆ ಚಿಕ್ಕಮ್ಮ ತಿರುಗಿದಳು. "ನೀನು?"

"ನನ್ನ ಸವತಿ ಇದು! ಹಾಳಾದ್ರೆ ಹಬ್ಬ ಮಾಡ್ತೀನಿ. ಆದ್ರೆ ಆ ಬೋಲ್ಟುಗಳನ್ನ ಬಿಚ್ಚೋಕೆ ನಂಗೆ ಬಂದ್ರೆ ತಾನೆ?"

ಚಿಕ್ಕಮ್ಮ ಪಂಪಿನ ಕವಾಟ ಮುಚ್ಚಿಸಿ ಒತ್ತಡದ ಮಾಪಕದ ಮುಂದೆ ಕೂತಳು. ಮುಳ್ಳು ಏರಿತು, ಏರಿತು — ನಿಂತಿತು.

"ಸೋರೋ ಗೋಳದಲ್ಲಿ ಮುಳ್ಳು ಏರ್ತಾನೇ ಇರುತ್ತೆ. ಇದು ನಿಂತಿದೆ. ಬೆಸುಗೆ ಗಟ್ಟಿಯಾಗಿದೆ. ಒಳಗೇ ಏನೋ ಆವಿಯಾಗ್ತಿದೆ. ಬಿಚ್ಚಿ."

ತಮ್ಮ ಹಿಂಜರಿದ. ಅಣ್ಣ ಕೈಗವಸು ಹಾಕಿಕೊಂಡು ಮುಚ್ಚಳದ ಬೋಲ್ಟುಗಳನ್ನು ಬಿಚ್ಚಿದ. ಗೋಳದ ತಳದಲ್ಲಿ ಒದ್ದೆ ಹತ್ತಿಯ ಉಂಡೆ! ಚಿಕ್ಕಮ್ಮ ಟಾರ್ಚು ಹಿಡಿದು ಒಳಗೋಡೆಯನ್ನೆಲ್ಲ ನೋಡಿದಳು.

"ಒಂದು ಬೆರಳಿನ ಗುರುತೂ ಇಲ್ಲ. ದೊಡ್ಡವನದು ಎಣ್ಣೆಗೈ, ಇವಳದು ಕ್ರೀಮಿನ ಕೈ; ಇವರು ಮುಟ್ಟಿದ್ರೆ ಜಿಡ್ಡು ಉಳೀತಿತ್ತು. ಇನ್ನೊಬ್ಬರ ಯಂತ್ರ ಕೆಡಿಸೋಕೆ ಬಂದೋರು ಕದ್ದುಮುಚ್ಚಿ ಅವಸರದಲ್ಲಿ ಹತ್ತಿ ತುರುಕಿ ಓಡ್ತಾರೆ. ಆದ್ರೆ ಇಲ್ಲಿ ನೋಡಿ — ಮುಚ್ಚಳದ ರಬ್ಬರ್ ಬಳೆ ಒರೆಸಿದೆ, ಅಂಚಿಗೆ ಗೀರಿಲ್ಲ, ಬಿಚ್ಚೋವಾಗ ಬೋಲ್ಟುಗಳೆಲ್ಲ ಸಮ ಬಿಗಿ ಇದ್ವು. ಕೆಡಿಸೋವಾಗ್ಲೂ ಕೊಳೆ ಮಾಡೋಕೆ ಮನಸ್ಸು ಬರದೋರು ಯಾರು? ಇದನ್ನ ಮಗುವಿನ ಥರ ನೋಡ್ಕೊಂಡೋರು."

ಅವಳು ತಮ್ಮನತ್ತ ತಿರುಗಿದಳು. "ನೀನೇ ಅಲ್ವೇನೋ?"

ತಮ್ಮ ಕುರ್ಚಿಯಲ್ಲಿ ಕುಸಿದ.

"ಯಂತ್ರ ನೋಡೋಕೆ ಬಂದೋರೆಲ್ಲ ಇವನ ಬೆಸುಗೇನೇ ಸವರಿ ಸವರಿ ಹೊಗಳ್ತಿದ್ರು. ಒತ್ತಡ ಒಂಚೂರು ಹೆಚ್ಚಾದ್ರೆ ವೋಲ್ಟೇಜ್ ಬೀಳುತ್ತೆ, ಒಂಚೂರು ಕಮ್ಮಿಯಾದ್ರೆ ಬೆಳಕು ಹೊತ್ತೋದೇ ಇಲ್ಲ. ಆ ಹದ ಹಿಡಿಯೋಕೆ ನಾನು ಎಷ್ಟು ಒದ್ದಾಡಿದೆ ಅಂತ ಒಬ್ರಾದ್ರೂ ಕೇಳಿದ್ರಾ? ಇವತ್ತೊಂದಿನ ಇವನ ಬೆಸುಗೆ ಸೋರ್ಲಿ ಅನ್ನಿಸ್ತು."

"ಹುಟ್ಟುತ್ತಾ ಅಣ್ಣತಮ್ಮ, ಬೆಳೀತಾ ದಾಯಾದಿ," ಚಿಕ್ಕಮ್ಮ ನಿಟ್ಟುಸಿರಿಟ್ಟಳು.

ಅಣ್ಣನಿಗೆ ಸಿಟ್ಟು ನೆತ್ತಿಗೇರಬೇಕಿತ್ತು. ತನ್ನ ಹೆಸರಿಗೇ ಮಸಿ ಬಳಿಯಲು ತಮ್ಮ ಹೊರಟಿದ್ದನಲ್ಲ! ಆದರೆ ಮೊದಲು ಉಕ್ಕಿದ್ದು ಸಂತೋಷ, ನಾಚಿಕೆಗೆಟ್ಟ ಸಂತೋಷ. ತಾನು ಜೀವಮಾನವೆಲ್ಲ ಕರುಬಿದ ತಮ್ಮ ತನ್ನನ್ನು ಕಂಡು ಕರುಬಿದ್ದ. ಅವನು ಕುರ್ಚಿ ಎಳೆದುಕೊಂಡು ತಮ್ಮನ ಎದುರಿಗೇ ಕೂತ.

"ಬೈಯೋದು ಆಮೇಲೆ. ಮೊದ್ಲು ಹೇಳು, ಬೆಸುಗೆ ನೋಡಿ ಅವರು ಏನೇನಂದ್ರು?"